ಇಲ್ಲದ ರಂಧ್ರವನ್ನು ಇಲ್ಲ ಎಂದವರು: ಹಕೀಮ್ ಇಬ್ನ್ ಅಲ್-ನಫೀಸ್

ಈ ಸಂಚಿಕೆಯ ಮಹನೀಯರ ಪುಟಕ್ಕೆ ಬರೆಯಲು ನಮ್ಮ ಕನ್ನಡ ಮೇಡಂ ನನ್ನ ಹೆಸರು ಹೇಳಿದಾಗ ನಾನು ಬೇರೆಯೇ ಒಬ್ಬರ ಬಗ್ಗೆ ಬರೆಯಬೇಕೆಂದಿದ್ದೆ. ನಾನು ವಾಣಿಜ್ಯ ವಿಭಾಗದವಳು. ಯಾರಾದರೂ ದೊಡ್ಡ ವ್ಯಾಪಾರಿಯ ಜೀವನ ಬರೆದರೆ ನನಗೂ ಸುಲಭ, ಓದುವವರಿಗೂ ಚೆನ್ನ ಎಂದುಕೊಂಡಿದ್ದೆ. ಆದರೆ ಈ ಮೂರು ತಿಂಗಳು ನಮ್ಮ ಮನೆಯಲ್ಲಿ ಹೃದಯದ ಮಾತು ಬಿಟ್ಟರೆ ಬೇರೆ ಮಾತೇ ಇರಲಿಲ್ಲ. ಹಾಗಾಗಿ 700 ವರ್ಷಗಳ ಹಿಂದೆ ತೀರಿಕೊಂಡ ಒಬ್ಬ ಹಕೀಮರು ನನ್ನ ನೋಟ್‌ಬುಕ್ಕಿಗೆ ಬಂದು ಸೇರಿಕೊಂಡರು. ಅವರ ಹೆಸರು ಇಬ್ನ್ ಅಲ್-ನಫೀಸ್.

ಮೊದಲು ನಮ್ಮ ದಾದಾ ಅವರ ವಿಷಯ ಹೇಳಬೇಕು. ದಾದಾ ಎಂದರೆ ನಮ್ಮ ಅಬ್ಬಾ ಅವರ ತಂದೆ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುತ್ತಲೇ ವಯಸ್ಸಾದವರು. ಬೆಂಕಿ, ಹೊಗೆ, ಕಾದ ಮರಳು ಇವುಗಳ ಮುಂದೆ ಬೆಳಗಿನ ಜಾವದಿಂದ ಕೂತು ಐದು ಮಕ್ಕಳನ್ನು ಬೆಳೆಸಿದರು. ಲೆಕ್ಕದ ಪುಸ್ತಕವನ್ನು ಮಾತ್ರ ಯಾರ ಕೈಗೂ ಕೊಡುತ್ತಿರಲಿಲ್ಲ. ನಾನು ಪಿಯುಸಿಯಲ್ಲಿ ಕಾಮರ್ಸ್ ತೆಗೆದುಕೊಂಡ ಮೇಲೆ ಅದು ಮೊದಲ ಸಲ ನನ್ನ ಕೈಗೆ ಬಂತು. ತಪ್ಪು ಬಿದ್ದರೆ ಬ್ಲೇಡಿನಿಂದ ಕೆರೆಯಬಾರದು, ಅದರ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು, ತಪ್ಪು ಎಲ್ಲಿ ಆಗಿತ್ತು ಎಂಬುದೂ ಕಾಣುತ್ತಿರಬೇಕು. ಇದು ಅವರು ಕಲಿಸಿದ ಮೊದಲ ಪಾಠ.

ಎರಡು ವರ್ಷಗಳಿಂದ ದಾದಾ ಅವರಿಗೆ ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತಿತ್ತು. ನಾಲಿಗೆಯ ಕೆಳಗೆ ಮಾತ್ರೆ ಇಟ್ಟುಕೊಂಡು ಸ್ವಲ್ಪ ಕೂತರೆ ಹೋಗುತ್ತಿತ್ತು. ಇದಕ್ಕೆ ಆಂಜೈನಾ ಎನ್ನುತ್ತಾರೆ. ಹೃದಯದ ಸ್ನಾಯುವಿಗೆ ಬೇಕಾದಷ್ಟು ರಕ್ತ ಸಿಗದಿದ್ದಾಗ ಬರುವ ನೋವು ಅದು. ಈ ವರ್ಷ ರಂಜಾನ್ ಮುಗಿದ ಮೇಲೆ ನೋವು ಮೆಟ್ಟಿಲಿಗೆ ಕಾಯಲಿಲ್ಲ. ಮಲಗಿದ್ದಾಗಲೂ ಬಂತು. ರಾತ್ರಿ ಎಬ್ಬಿಸಿ ಬಂತು. ವೈದ್ಯರು ಇದನ್ನು ಅನ್‌ಸ್ಟೇಬಲ್ ಆಂಜೈನಾ ಎಂದರು. ರಕ್ತನಾಳದೊಳಗಿನ ಕೊಬ್ಬಿನ ಪದರ ಒಡೆದು ಅದರ ಮೇಲೆ ರಕ್ತ ಹೆಪ್ಪುಗಟ್ಟಲು ಶುರುವಾದಾಗ ಹೀಗಾಗುತ್ತದಂತೆ. ಹೃದಯಾಘಾತಕ್ಕೆ ಅದು ಒಂದೇ ಹೆಜ್ಜೆ ದೂರ. ಬೆಂಗಳೂರಿಗೆ ಕರೆದುಕೊಂಡು ಹೋದೆವು. ಆಂಜಿಯೋಗ್ರಾಮ್ ಆಯಿತು. ಮೂರು ರಕ್ತನಾಳಗಳೂ ಉದ್ದಕ್ಕೂ ಕಿರಿದಾಗಿದ್ದವು, ತುದಿಗಳು ದಾರದಂತೆ ಸಣ್ಣಗಿದ್ದವು. ಸ್ಟೆಂಟ್ ಹಾಕಲು ಜಾಗವಿಲ್ಲ, ಬೈಪಾಸ್ ಮಾಡಿದರೆ ಹೊಸ ನಾಳವನ್ನು ಹೊಲಿಯಲು ಕೆಳಗೆ ಒಳ್ಳೆಯ ನಾಳವಿಲ್ಲ ಎಂದು ತಿಳಿಸಿದರು.

ಆ ರಾತ್ರಿ ನಾನು ಮೊಬೈಲಿನಲ್ಲಿ ಹುಡುಕುತ್ತಾ ಹೋದೆ. ಲೇಸರ್‌ನಿಂದ ಹೃದಯದಲ್ಲಿ ಸಣ್ಣ ಸಣ್ಣ ರಂಧ್ರ ಮಾಡುವ ಶಸ್ತ್ರಚಿಕಿತ್ಸೆಯ ಒಂದು ವಿಡಿಯೋ ಸಿಕ್ಕಿತು. ಬೈಪಾಸ್ ಆಗದವರಿಗೆ ಇದು ಇದೆ, ಹೃದಯದೊಳಗಿನ ರಕ್ತವೇ ರಂಧ್ರಗಳ ಮೂಲಕ ಸ್ನಾಯುವಿಗೆ ಹರಿಯುತ್ತದೆ, ಹೊಸ ರಕ್ತನಾಳ ಮಾಡಿದಂತೆ ಎಂದು ಅದರಲ್ಲಿತ್ತು. ನನಗೆ ನಿಧಿ ಸಿಕ್ಕಂತಾಯಿತು. ಅಬ್ಬಾ ಅವರಿಗೆ ತೋರಿಸಿದೆ. ಅಷ್ಟೇ ಅಲ್ಲ, ಭಟ್ಟಿಯನ್ನೂ ಅದರ ಜಾಗವನ್ನೂ ಮಾರಿದರೆ ಎಷ್ಟು ಬರುತ್ತದೆ, ಸಾಲ ಕಳೆದು ಎಷ್ಟು ಉಳಿಯುತ್ತದೆ ಎಂದು ಒಂದು ಹಾಳೆಯಲ್ಲಿ ಲೆಕ್ಕ ಹಾಕಿಕೊಟ್ಟವಳೂ ನಾನೇ. ಅಬ್ಬಾ ಆ ಹಾಳೆಯನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡರು. ಮಾರನೆಯ ವಾರ ಜಾಗ ನೋಡಲು ಒಬ್ಬರು ಬಂದೂ ಹೋದರು.

ಇಷ್ಟರಲ್ಲಿ ದಾದಾ ಊರಿಗೆ ಮರಳಿದ್ದರು. ಹಾಸಿಗೆಯಲ್ಲೇ ಇರಬೇಕಿತ್ತು. ಕಣ್ಣು ಮಂಜಾಗಿದ್ದರಿಂದ ಇಶಾ ನಮಾಜಿನ ನಂತರ ನಾನು ಅವರಿಗೆ ಏನಾದರೂ ಉರ್ದುವಿನಲ್ಲಿ ಓದಿ ಹೇಳುತ್ತಿದ್ದೆ. ಮಸೀದಿಯ ಪಕ್ಕದ ಗ್ರಂಥಾಲಯದಿಂದ ಹಳೆಯ ಹಕೀಮರ ಜೀವನದ ಒಂದು ಪುಸ್ತಕ ತಂದಿದ್ದೆ. ಅದರಲ್ಲಿ ಇಬ್ನ್ ಅಲ್-ನಫೀಸರ ಪಾಠ ಬಂತು.

ಅವರ ಪೂರ್ತಿ ಹೆಸರು ಅಲಾವುದ್ದೀನ್ ಅಬುಲ್ ಹಸನ್ ಅಲಿ ಇಬ್ನ್ ಅಬಿ ಅಲ್-ಹಜ್ಮ್ ಅಲ್-ಕರಶಿ. ಹುಟ್ಟಿದ್ದು 1213ರ ಸುಮಾರಿಗೆ, ಡಮಾಸ್ಕಸ್ ಪ್ರದೇಶದಲ್ಲಿ. ನಮ್ಮ ಮನೆಯ ಮಾತಿನಲ್ಲಿ ದಮಿಷ್ಕ್. ಆ ನಗರದಲ್ಲಿ ಸುಲ್ತಾನ್ ನೂರುದ್ದೀನ್ ಜಂಗಿ 12ನೇ ಶತಮಾನದಲ್ಲಿ ಕಟ್ಟಿಸಿದ ದೊಡ್ಡ ಆಸ್ಪತ್ರೆ ಇತ್ತು. ಅದನ್ನು ಬೀಮಾರಿಸ್ತಾನ್ ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಹುಷಾರಿಲ್ಲದವರಿಗೆ ಈಗಲೂ ಬೀಮಾರ್ ಎನ್ನುತ್ತೇವೆ. ಬೀಮಾರರು ಇರುವ ಜಾಗ ಬೀಮಾರಿಸ್ತಾನ್. ಆ ಕಟ್ಟಡ ಇಂದಿಗೂ ನಿಂತಿದೆ, ಅದನ್ನು ವೈದ್ಯಶಾಸ್ತ್ರದ ವಸ್ತುಸಂಗ್ರಹಾಲಯ ಮಾಡಿದ್ದಾರೆ.

ಆ ಆಸ್ಪತ್ರೆ ರೋಗಿಗಳಿಗೆ ಮಾತ್ರವಲ್ಲ, ವಿದ್ಯಾರ್ಥಿಗಳಿಗೂ ಇತ್ತು. ಅಲ್-ದಖ್ವಾರ್ ಎಂಬ ಹೆಸರಾಂತ ವೈದ್ಯರು ಅಲ್ಲಿನ ಗುರುಗಳು. ಇಬ್ನ್ ಅಲ್-ನಫೀಸರು ಅವರ ಬಳಿ ಕಲಿತರು. ಅಲ್-ದಖ್ವಾರ್ ತೀರಿಕೊಂಡದ್ದು 1230ರಲ್ಲಿ. ಅಂದರೆ ಗುರುಗಳು ಹೋದಾಗ ಈ ಶಿಷ್ಯನಿಗೆ ಸುಮಾರು 17 ವರ್ಷ, ಈಗಿನ ನನ್ನ ವಯಸ್ಸು. ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಕೆಳಗಿಟ್ಟೆ. ನನಗೆ ಇನ್ನೂ ಡೆಬಿಟ್ ಎಡಕ್ಕೋ ಬಲಕ್ಕೋ ಎಂದು ಗೊಂದಲ ಆಗುವುದುಂಟು.

ವೈದ್ಯಶಾಸ್ತ್ರದ ಜೊತೆಗೆ ಅವರು ವ್ಯಾಕರಣ, ತರ್ಕ, ಹದೀಸ್ ಮತ್ತು ಶಾಫಿ ಫಿಕ್ಹ್ ಕಲಿತರು. ನಂತರ ಈಜಿಪ್ಟಿನ ಕೈರೋಗೆ ಹೋಗಿ ನೆಲೆಸಿದರು. ಅಲ್ಲಿ ಹಗಲು ರೋಗಿಗಳನ್ನು ನೋಡುತ್ತಿದ್ದರು. ಮದರಸಾದಲ್ಲಿ ಫಿಕ್ಹ್ ಪಾಠವನ್ನೂ ಹೇಳುತ್ತಿದ್ದರು. ಮುಂದೆ ಈಜಿಪ್ಟಿನ ವೈದ್ಯರ ಮುಖ್ಯಸ್ಥರಾದರು. ಅವರು ಬದುಕಿದ ಕಾಲ ನೆಮ್ಮದಿಯ ಕಾಲವಲ್ಲ. 1258ರಲ್ಲಿ ಮಂಗೋಲರು ಬಗ್ದಾದ್ ನಗರವನ್ನು ನಾಶ ಮಾಡಿದರು. ಅವರು ಹುಟ್ಟಿ ಬೆಳೆದ ಡಮಾಸ್ಕಸ್ ಕೂಡ 1260ರಲ್ಲಿ ಕೆಲವು ತಿಂಗಳು ಮಂಗೋಲರ ಕೈಗೆ ಹೋಗಿತ್ತು. ಇಂಥ ಕಾಲದಲ್ಲಿ ಅವರು ಕೂತು ಪುಸ್ತಕ ಬರೆದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆ ಕಾಲದ ವೈದ್ಯರಿಗೆಲ್ಲ ಎರಡು ದೊಡ್ಡ ಹೆಸರುಗಳು. ಒಂದು ಗ್ರೀಕ್ ವೈದ್ಯ ಗ್ಯಾಲೆನ್, ಉರ್ದುವಿನಲ್ಲಿ ನಾವು ಜಾಲಿನೂಸ್ ಎನ್ನುತ್ತೇವೆ. ಇನ್ನೊಂದು ಇಬ್ನ್ ಸೀನಾ. ಗ್ಯಾಲೆನ್ ಬದುಕಿದ್ದು 2ನೇ ಶತಮಾನದಲ್ಲಿ, ಇಬ್ನ್ ಸೀನಾ ತೀರಿಕೊಂಡದ್ದು 1037ರಲ್ಲಿ. ಇಬ್ನ್ ಸೀನಾ ಅವರ ಅಲ್-ಕಾನೂನ್ ಎಂಬ ಗ್ರಂಥವನ್ನು ಓದದೆ ಯಾರೂ ವೈದ್ಯರಾಗುತ್ತಿರಲಿಲ್ಲ.

ಹೃದಯದ ಬಗ್ಗೆ ಈ ದೊಡ್ಡವರು ಹೇಳಿದ್ದು ಹೀಗೆ. ರಕ್ತ ತಯಾರಾಗುವುದು ಯಕೃತ್ತಿನಲ್ಲಿ. ಅಲ್ಲಿಂದ ಹೃದಯದ ಬಲಗೋಣೆಗೆ ಬರುತ್ತದೆ. ಬಲಗೋಣೆಗೂ ಎಡಗೋಣೆಗೂ ನಡುವೆ ಒಂದು ದಪ್ಪ ಗೋಡೆ ಇದೆ. ಆ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಅವುಗಳ ಮೂಲಕ ರಕ್ತ ಎಡಗೋಣೆಗೆ ಜಿನುಗುತ್ತದೆ.

ನಮ್ಮ ವಿಭಾಗದವರಿಗೆ ಇದು ಬೇಗ ಅರ್ಥವಾಗುತ್ತದೆ. ತಾಳೆಪಟ್ಟಿಯಲ್ಲಿ ಎರಡು ಕಡೆ ಮೊತ್ತ ಸರಿಹೋಗದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತೇವಲ್ಲ, ಗ್ಯಾಲೆನ್ ಅವರ ಕಾಣದ ರಂಧ್ರ ಅಂಥದ್ದು. ಬಲಗಡೆ ಇದ್ದ ರಕ್ತ ಎಡಗಡೆ ಸಿಗುತ್ತಿದೆ, ದಾರಿ ಗೊತ್ತಿಲ್ಲ, ಹಾಗಾಗಿ ಒಂದು ರಂಧ್ರ ಇರಲೇಬೇಕು. ಸಸ್ಪೆನ್ಸ್ ಖಾತೆ ತಪ್ಪನ್ನು ಹುಡುಕುವವರೆಗೆ ಮಾತ್ರ ಎಂದು ನಮ್ಮ ಸರ್ ಪದೇ ಪದೇ ಹೇಳುತ್ತಾರೆ. ಇಲ್ಲಿ ಮಾತ್ರ ಅದು ಸಾವಿರ ವರ್ಷ ಹಾಗೆಯೇ ಉಳಿದುಕೊಂಡಿತು.

ಇಬ್ನ್ ಅಲ್-ನಫೀಸರು ಅಲ್-ಕಾನೂನ್ ಗ್ರಂಥದಲ್ಲಿರುವ ಅಂಗರಚನೆಯ ಭಾಗಗಳಿಗೆ ಒಂದು ವ್ಯಾಖ್ಯಾನ ಬರೆದರು. 1242ರ ಹೊತ್ತಿಗೆ ಆ ಪುಸ್ತಕ ಇತ್ತು. ಆಗ ಅವರಿಗೆ 30 ಕೂಡ ತುಂಬಿರಲಿಲ್ಲ. ಅದರಲ್ಲಿ ಅವರು ಯಾವ ಗದ್ದಲವೂ ಇಲ್ಲದೆ ಬರೆದದ್ದು ಇಷ್ಟು. ಹೃದಯದ ಆ ನಡುಗೋಡೆ ದಪ್ಪವಾಗಿದೆ, ಗಟ್ಟಿಯಾಗಿದೆ. ಅದರಲ್ಲಿ ಕಾಣುವ ರಂಧ್ರವೂ ಇಲ್ಲ, ಕಾಣದ ರಂಧ್ರವೂ ಇಲ್ಲ. ಹಾಗಾದರೆ ರಕ್ತ ಎಡಗೋಣೆಗೆ ಬರುವುದು ಹೇಗೆ? ಬಲಗೋಣೆಯಿಂದ ಶ್ವಾಸಕೋಶಕ್ಕೆ ಹೋಗುತ್ತದೆ, ಅಲ್ಲಿ ಹರಡಿಕೊಂಡು ಗಾಳಿಯೊಂದಿಗೆ ಬೆರೆಯುತ್ತದೆ, ಮತ್ತೊಂದು ನಾಳದಿಂದ ಎಡಗೋಣೆಗೆ ಬರುತ್ತದೆ. ಶ್ವಾಸಕೋಶದಲ್ಲಿ ಹೋಗುವ ನಾಳಕ್ಕೂ ಬರುವ ನಾಳಕ್ಕೂ ನಡುವೆ ಸೂಕ್ಷ್ಮ ದಾರಿಗಳಿವೆ ಎಂದೂ ಅವರು ಹೇಳಿದರು. ಆ ದಾರಿಗಳನ್ನು ಇಟಲಿಯ ಮಾಲ್ಪೀಗಿ ಎಂಬ ವಿಜ್ಞಾನಿ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡದ್ದು 1661ರಲ್ಲಿ, ಅಂದರೆ 400 ವರ್ಷಗಳ ನಂತರ.

ಶವ ಕೊಯ್ದು ನೋಡದೆ ಇದು ಅವರಿಗೆ ಹೇಗೆ ಗೊತ್ತಾಯಿತು ಎಂಬುದು ವಿದ್ವಾಂಸರ ಚರ್ಚೆಯ ವಿಷಯ. ಶರೀಅತ್ತಿನ ನಿಯಮ ಮತ್ತು ತಮ್ಮ ಮನಸ್ಸಿನ ಕರುಣೆ ಎರಡೂ ಶವ ಕೊಯ್ಯಲು ಬಿಡಲಿಲ್ಲ ಎಂದು ಅವರೇ ಆ ಪುಸ್ತಕದ ಆರಂಭದಲ್ಲಿ ಬರೆದಿದ್ದಾರೆ. ಅವರು ಹೇಳಿದ್ದೆಲ್ಲ ಸರಿ ಎಂದೂ ನಾನು ಹೇಳುವುದಿಲ್ಲ. ಹೃದಯ ಒಂದು ಪಂಪ್, ರಕ್ತ ಇಡೀ ದೇಹವನ್ನು ಸುತ್ತಿ ಮರಳುತ್ತದೆ ಎಂಬುದನ್ನು ಅವರು ಹೇಳಲಿಲ್ಲ. ಅದನ್ನು ತೋರಿಸಿಕೊಟ್ಟದ್ದು 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ. ಎಡಗೋಣೆಯಲ್ಲಿ ಗಾಳಿಯೂ ರಕ್ತವೂ ಸೇರಿ ಜೀವಚೈತನ್ಯ ಹುಟ್ಟುತ್ತದೆ ಎಂಬ ಹಳೆಯ ನಂಬಿಕೆಯನ್ನು ಅವರೂ ಇಟ್ಟುಕೊಂಡಿದ್ದರು. ಆದರೆ ಗೋಡೆಯಲ್ಲಿ ರಂಧ್ರ ಇಲ್ಲ ಎಂಬ ಒಂದು ಮಾತನ್ನು ಗುರುಗಳ ಗುರುಗಳಿಗೆ ಎದುರಾಗಿ ಬರೆಯಲು ಎಷ್ಟು ಧೈರ್ಯ ಬೇಕಿತ್ತು ಎಂದು ನಾನು ಯೋಚಿಸಿದೆ. ಇಬ್ನ್ ಸೀನಾ ಅವರ ಮೇಲೆ ಅವರಿಗೆ ಗೌರವ ಕಡಿಮೆ ಇರಲಿಲ್ಲ. ಅದೇ ಅಲ್-ಕಾನೂನ್‌ನ ಸಾರವನ್ನು ಮೂಜಜ್ ಎಂಬ ಚಿಕ್ಕ ಪುಸ್ತಕವಾಗಿ ಬರೆದವರೂ ಅವರೇ. ಆ ಮೂಜಜ್ ಮತ್ತು ಅದರ ಮೇಲೆ ಬೇರೆಯವರು ಬರೆದ ವ್ಯಾಖ್ಯಾನಗಳನ್ನು ನಮ್ಮ ದೇಶದ ಯುನಾನಿ ಹಕೀಮರು ತಲೆಮಾರುಗಳ ಕಾಲ ಪಾಠವಾಗಿ ಓದಿದ್ದಾರೆ.

ಇಷ್ಟನ್ನು ದಾದಾ ಅವರಿಗೆ ಓದಿ ಹೇಳಿ ಪುಟ ತಿರುಗಿಸಿದೆ. ಮುಂದಿನ ಪುಟದಲ್ಲಿ ಇನ್ನೊಂದು ವಿಷಯ ಇತ್ತು. ಹೃದಯಕ್ಕೆ ಆಹಾರ ಎಲ್ಲಿಂದ ಬರುತ್ತದೆ? ಬಲಗೋಣೆಯಲ್ಲಿ ತುಂಬಿರುವ ರಕ್ತವೇ ಹೃದಯವನ್ನು ಪೋಷಿಸುತ್ತದೆ ಎಂದು ಇಬ್ನ್ ಸೀನಾ ಬರೆದಿದ್ದರು. ಅದು ಸರಿಯಲ್ಲ ಎಂದರು ಇಬ್ನ್ ಅಲ್-ನಫೀಸ್. ಹೃದಯ ತನ್ನೊಳಗೆ ತುಂಬಿದ ರಕ್ತದಿಂದ ಬದುಕುವುದಿಲ್ಲ, ತನ್ನ ಮೈಯಲ್ಲಿ ಹರಡಿಕೊಂಡಿರುವ ನಾಳಗಳ ರಕ್ತದಿಂದ ಬದುಕುತ್ತದೆ ಎಂದರು. ಆ ನಾಳಗಳನ್ನೇ ನಾವು ಇಂದು ಕೊರೊನರಿ ರಕ್ತನಾಳ ಎನ್ನುತ್ತೇವೆ. ದಾದಾ ಅವರಿಗೆ ಕಿರಿದಾಗಿರುವುದು ಅವೇ.

ನಾನು ಓದುವುದನ್ನು ನಿಲ್ಲಿಸಿದೆ. ಹೃದಯದೊಳಗಿನ ರಕ್ತವೇ ರಂಧ್ರಗಳ ಮೂಲಕ ಸ್ನಾಯುವಿಗೆ ಹರಿಯುತ್ತದೆ ಎಂದು ನಾನು ಅಬ್ಬಾ ಅವರಿಗೆ ವಿಡಿಯೋ ತೋರಿಸಿದ್ದೆನಲ್ಲ, ಅದು ನೆನಪಿಗೆ ಬಂತು. ಬ್ಯಾಂಕಿನ ತಿಜೋರಿ ತುಂಬ ಹಣವಿದ್ದರೂ ಅಲ್ಲಿನ ಗುಮಾಸ್ತರ ಮನೆಗೆ ಹೋಗುವುದು ಸಂಬಳದ ಹಣ ಮಾತ್ರ. ಹೃದಯವೂ ಹಾಗೆಯೇ ಎಂದಾದರೆ, ತಿಜೋರಿಗೆ ರಂಧ್ರ ಕೊರೆದು ಏನು ಪ್ರಯೋಜನ?

ಮುಂದಿನ ಸಲ ಬೆಂಗಳೂರಿಗೆ ಹೋದಾಗ ಪ್ರಶ್ನೆಗಳನ್ನು ಬರೆದುಕೊಂಡು ನಾನೂ ಹೋದೆ. ವೈದ್ಯರು ಬಹಳ ತಾಳ್ಮೆಯಿಂದ ಉತ್ತರಿಸಿದರು. ನನಗೆ ತಿಳಿದದ್ದನ್ನು ಇಲ್ಲಿ ಬರೆಯುತ್ತೇನೆ. ನಿಮ್ಮ ಮನೆಯಲ್ಲೂ ಯಾರಿಗಾದರೂ ಬೇಕಾಗಬಹುದು.

ಹಾವು, ಹಲ್ಲಿಯಂಥ ಸರೀಸೃಪಗಳ ಹೃದಯದ ಸ್ನಾಯು ಸ್ಪಂಜಿನಂತಿರುತ್ತದೆ. ಕೋಣೆಯೊಳಗಿನ ರಕ್ತ ನೇರವಾಗಿ ಅದರೊಳಗೆ ಇಳಿದು ಪೋಷಿಸುತ್ತದೆ. ಇದನ್ನು ನೋಡಿ 1960ರ ದಶಕದಲ್ಲಿ ಮುಂಬೈನ ಕೆ.ಇ.ಎಂ. ಆಸ್ಪತ್ರೆಯ ಡಾ. ಪಿ.ಕೆ. ಸೇನ್ ಮನುಷ್ಯನ ಹೃದಯದಲ್ಲೂ ಹೀಗೆ ದಾರಿ ಮಾಡಬಹುದೇ ಎಂದು ಯೋಚಿಸಿ, ಸೂಜಿಯಿಂದ ಹೃದಯದ ಸ್ನಾಯುವಿನಲ್ಲಿ ರಂಧ್ರ ಮಾಡುವ ಪ್ರಯೋಗ ಮಾಡಿದರು. 1968ರಲ್ಲಿ ಭಾರತದ ಮೊದಲ ಹೃದಯ ಕಸಿ ಮಾಡಿದವರೂ ಇವರೇ. ಸೂಜಿಯ ರಂಧ್ರ ಬೇಗ ಮುಚ್ಚಿಕೊಳ್ಳುತ್ತಿತ್ತು. 1980ರ ದಶಕದಲ್ಲಿ ಅಮೆರಿಕದಲ್ಲಿ ಡಾ. ಮಿರ್‌ಹೊಸೇನಿ ಸೂಜಿಯ ಬದಲು ಲೇಸರ್ ಬಳಸಿದರು. 1998ರಲ್ಲಿ ಅಮೆರಿಕದ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿತು.

ಶಸ್ತ್ರಚಿಕಿತ್ಸೆ ಮಾಡುವುದು ಹೀಗೆ. ಎದೆಯ ಎಡಭಾಗದಲ್ಲಿ ಪಕ್ಕೆಲುಬುಗಳ ನಡುವೆ ತೆರೆಯುತ್ತಾರೆ. ಹೃದಯವನ್ನು ನಿಲ್ಲಿಸುವುದಿಲ್ಲ, ಅದು ಬಡಿಯುತ್ತಲೇ ಇರುತ್ತದೆ. ಎಡಗೋಣೆ ರಕ್ತದಿಂದ ತುಂಬಿದ ಕ್ಷಣ ನೋಡಿ ಲೇಸರ್ ಬಿಡುತ್ತಾರೆ. ಸುಮಾರು 1 ಮಿಲಿಮೀಟರ್ ಅಗಲದ 20ರಿಂದ 40 ರಂಧ್ರಗಳು. ಹೊರಗಿನ ಬಾಯಿಯನ್ನು ಬೆರಳಿನಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ.

ಇದರಿಂದ ಉಪಯೋಗ ಆಯಿತೇ? 1999ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳಲ್ಲಿ ಒಂದು ವರ್ಷದ ನಂತರ 100ರಲ್ಲಿ 70ಕ್ಕೂ ಹೆಚ್ಚು ರೋಗಿಗಳಿಗೆ ನೋವು ಗಣನೀಯವಾಗಿ ಕಡಿಮೆಯಾಗಿತ್ತು. ಇದು ಸಣ್ಣ ಮಾತಲ್ಲ. ಆದರೆ ಮಾತ್ರೆ ಮಾತ್ರ ತೆಗೆದುಕೊಂಡವರಿಗಿಂತ ಅವರು ಹೆಚ್ಚು ಕಾಲ ಬದುಕಿದರು ಎಂದು ಆ ಅಧ್ಯಯನಗಳಲ್ಲಿ ಕಂಡುಬರಲಿಲ್ಲ. ತೀರಿಕೊಂಡವರ ಹೃದಯಗಳನ್ನು ಪರೀಕ್ಷಿಸಿದಾಗ ಆ ರಂಧ್ರಗಳು ಹೆಚ್ಚಾಗಿ ಮುಚ್ಚಿಹೋಗಿದ್ದವು. ಮನುಷ್ಯನ ಹೃದಯ ಹಾವಿನ ಹೃದಯವಾಗಲಿಲ್ಲ. ಹಾಗಾದರೆ ನೋವು ಕಡಿಮೆಯಾದದ್ದು ಏಕೆ? ನೋವಿನ ನರಗಳು ಸುಟ್ಟಿರಬಹುದು, ಗಾಯದ ಸುತ್ತ ಹೊಸ ಸಣ್ಣ ನಾಳಗಳು ಬೆಳೆದಿರಬಹುದು, ಚಿಕಿತ್ಸೆ ಆಯಿತೆಂಬ ನಂಬಿಕೆಯೂ ಕೆಲಸ ಮಾಡಿರಬಹುದು. ಎದೆ ತೆರೆಯದೆ ಕಾಲಿನ ರಕ್ತನಾಳದಿಂದ ಲೇಸರ್ ತೂರಿಸುವ ವಿಧಾನವನ್ನು ಸುಮಾರು 300 ಮಂದಿಯ ಮೇಲೆ ಪರೀಕ್ಷಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದರಲ್ಲಿ ಕೆಲವರಿಗೆ ಲೇಸರ್ ಬಿಡದೆ ಬಿಟ್ಟಂತೆ ಮಾತ್ರ ಮಾಡಿದ್ದರು. ಅವರ ನೋವೂ ಉಳಿದವರಷ್ಟೇ ಕಡಿಮೆಯಾಗಿತ್ತು.

ಕೊನೆಯ ಪ್ರಶ್ನೆ ನನಗೆ ಕೇಳಲು ಭಯವಾಗಿತ್ತು. ದಾದಾ ಅವರಿಗೆ ಮಾಡಬಹುದೇ? ನೋವು ಒಂದು ಹದಕ್ಕೆ ಬಾರದೆ ಮಲಗಿದ್ದಾಗಲೂ ಬರುತ್ತಿರುವ ರೋಗಿಗಳಲ್ಲಿ ಈ ಶಸ್ತ್ರಚಿಕಿತ್ಸೆಯ ಸಮಯದಲ್ಲೇ ಪ್ರಾಣ ಹೋಗುವ ಅಪಾಯ ಬೇರೆಯವರಿಗಿಂತ ಹೆಚ್ಚು ಎಂದು ವೈದ್ಯರು ತಿಳಿಸಿದರು. ಮೊದಲು ಔಷಧಿಯಿಂದ ನೋವನ್ನು ಹದಕ್ಕೆ ತರಬೇಕು, ಅದು ಬಂದರೆ ಬಹುಶಃ ಲೇಸರ್ ಬೇಕೇ ಆಗುವುದಿಲ್ಲ ಎಂದರು. ಈಗ ಇದನ್ನು ಮಾಡುವವರೂ ಕಡಿಮೆಯಂತೆ.

ಊರಿಗೆ ಮರಳುವ ರೈಲಿನಲ್ಲಿ ನಾನು ಏನೂ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ಅಬ್ಬಾ ಅವರ ಹತ್ತಿರ ಆ ಹಾಳೆ ಕೇಳಿದೆ. ಅವರು ಜೇಬಿನಿಂದ ತೆಗೆದುಕೊಟ್ಟರು. ಮಡಿಕೆಯ ಜಾಗದಲ್ಲಿ ಹರಿಯಲು ಶುರುವಾಗಿತ್ತು. ಹೊಸ ರಕ್ತನಾಳ ಎಂದು ನಾನು ಬರೆದಿದ್ದ ಸಾಲಿನ ಮೇಲೆ ಒಂದು ಗೆರೆ ಎಳೆದೆ. ಪಕ್ಕದಲ್ಲಿ ನೋವು ಕಡಿಮೆಯಾಗಬಹುದು, ಆಯುಷ್ಯ ಹೆಚ್ಚುವುದಿಲ್ಲ, ಅಪಾಯ ಹೆಚ್ಚು ಎಂದು ಬರೆದೆ. ನಾನು ತಪ್ಪು ತಿಳಿದುಕೊಂಡಿದ್ದೆ, ಪೂರ್ತಿ ವಿಚಾರಿಸದೆ ನಿಮಗೆ ಆಸೆ ಹುಟ್ಟಿಸಿದೆ ಎಂದು ಅಬ್ಬಾ, ಅಮ್ಮಿ, ದಾದಿ ಎಲ್ಲರ ಮುಂದೆ ಹೇಳಿದೆ. ದಾದಿ ಅತ್ತರು. ಅಬ್ಬಾ ಬಹಳ ಹೊತ್ತು ಹಾಳೆ ನೋಡುತ್ತಾ ಕೂತರು. ಇದ್ದ ಒಂದು ಆಸೆಯನ್ನೂ ನಾನೇ ಕಿತ್ತುಕೊಂಡೆನೋ ಎಂದು ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಇಲ್ಲದ ರಂಧ್ರವನ್ನು ಇಲ್ಲ ಎನ್ನುವುದು ಪುಸ್ತಕದಲ್ಲಿ ಓದಿದಷ್ಟು ಸುಲಭವಲ್ಲ.

ಬೆಳಿಗ್ಗೆ ದಾದಾ ಅವರು ಹಾಳೆ ತರಿಸಿ ನೋಡಿದರು. ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಕೆರೆಯದೆ ಗೆರೆ ಎಳೆದಿದ್ದಕ್ಕೆ ನನ್ನ ತಲೆಯ ಮೇಲೆ ಕೈ ಇಟ್ಟರು. ನಂತರ ಆ ಹಕೀಮರ ಕಥೆ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಓದು ಎಂದರು.

ಉಳಿದ ಕಥೆ ಇಷ್ಟು. ಇಬ್ನ್ ಅಲ್-ನಫೀಸರು ಬರೆಯಲು ಕೂತರೆ ಹರಿಯುವ ನೀರಿನಂತೆ ಬರೆಯುತ್ತಿದ್ದರಂತೆ. ಲೇಖನಿ ಚೂಪು ಮಾಡುತ್ತಾ ಕೂತರೆ ಹೊತ್ತು ಹೋಗುತ್ತದೆ ಎಂದು ಮೊದಲೇ ಚೂಪು ಮಾಡಿದ ಲೇಖನಿಗಳನ್ನು ಪಕ್ಕದಲ್ಲಿ ಇಡಿಸಿಕೊಳ್ಳುತ್ತಿದ್ದರು. ಬೇರೆ ಪುಸ್ತಕ ತೆರೆದು ನೋಡದೆ ನೆನಪಿನಿಂದಲೇ ಬರೆಯುತ್ತಿದ್ದರು. ಒಮ್ಮೆ ಹಮಾಮಿನಲ್ಲಿ ಸ್ನಾನ ಮಾಡುತ್ತಿದ್ದವರು ಅರ್ಧಕ್ಕೆ ಎದ್ದು ಬಟ್ಟೆ ಬದಲಿಸುವ ಕೋಣೆಗೆ ಬಂದು, ಕಾಗದ ಮತ್ತು ಮಸಿ ತರಿಸಿ, ನಾಡಿಯ ಬಗ್ಗೆ ಒಂದು ಪ್ರಬಂಧ ಬರೆದು ಮುಗಿಸಿ ಮತ್ತೆ ಸ್ನಾನಕ್ಕೆ ಹೋದರೆಂದು ಜೀವನಚರಿತ್ರೆಕಾರರು ಬರೆದಿದ್ದಾರೆ. ಇದನ್ನು ಕೇಳಿ ದಾದಾ ಬಹಳ ದಿನಗಳ ನಂತರ ನಕ್ಕರು. ವೈದ್ಯಶಾಸ್ತ್ರದ ಬಗ್ಗೆ 300 ಸಂಪುಟಗಳ ಒಂದು ಮಹಾಗ್ರಂಥ ಬರೆಯಬೇಕೆಂದು ಅವರು ಶುರು ಮಾಡಿದ್ದರು. ಅದರ ಹೆಸರು ಅಲ್-ಶಾಮಿಲ್. 80 ಸಂಪುಟಗಳಷ್ಟು ಸಿದ್ಧವಾದವು. ಉಳಿದದ್ದು ಉಳಿದೇ ಹೋಯಿತು.

1284ರಲ್ಲಿ ಸುಲ್ತಾನ್ ಕಲಾವೂನ್ ಕೈರೋದಲ್ಲಿ ಒಂದು ದೊಡ್ಡ ಆಸ್ಪತ್ರೆ ಕಟ್ಟಿಸಿದ. ಅದೇ ಮನ್ಸೂರಿ ಬೀಮಾರಿಸ್ತಾನ್. ಸುಲ್ತಾನನಾಗುವ ಮೊದಲು ಡಮಾಸ್ಕಸ್‌ನ ನೂರಿ ಆಸ್ಪತ್ರೆಯಲ್ಲಿ ಅವನಿಗೆ ಹೊಟ್ಟೆಶೂಲೆ ವಾಸಿಯಾಗಿತ್ತು, ಆಗ ಹರಕೆ ಹೊತ್ತಿದ್ದ ಎಂದು ಇತಿಹಾಸಕಾರರು ಹೇಳುತ್ತಾರೆ. ಬಡವ, ಬಲ್ಲಿದ, ಗಂಡಸು, ಹೆಂಗಸು ಎನ್ನದೆ ಎಲ್ಲರಿಗೂ ಅಲ್ಲಿ ಹಣ ತೆಗೆದುಕೊಳ್ಳದೆ ಚಿಕಿತ್ಸೆ. ಖರ್ಚೆಲ್ಲ ವಕ್ಫ್ ಆಸ್ತಿಯ ಆದಾಯದಿಂದ.

ಅದಾಗಿ ನಾಲ್ಕು ವರ್ಷಕ್ಕೆ, 1288ರ ಡಿಸೆಂಬರಿನಲ್ಲಿ, ಇಬ್ನ್ ಅಲ್-ನಫೀಸರು ಕೈರೋದಲ್ಲಿ ತೀರಿಕೊಂಡರು. ವಯಸ್ಸು ಎಪ್ಪತ್ತೈದರ ಆಸುಪಾಸು. ಕೊನೆಯ ದಿನಗಳಲ್ಲಿ ಜೊತೆಯ ವೈದ್ಯರು ಔಷಧಿಯಾಗಿ ಸ್ವಲ್ಪ ಮದ್ಯ ಕುಡಿಯಲು ಹೇಳಿದರಂತೆ. ದೇಹದಲ್ಲಿ ಅದನ್ನು ಇಟ್ಟುಕೊಂಡು ಅಲ್ಲಾಹನ ಮುಂದೆ ಹೋಗಲಾರೆ ಎಂದು ಅವರು ಒಪ್ಪಲಿಲ್ಲ. ಕೈರೋದಲ್ಲಿ ಅವರಿಗೆ ಒಳ್ಳೆಯ ಮನೆ ಇತ್ತು, ದೊಡ್ಡ ಪುಸ್ತಕ ಭಂಡಾರ ಇತ್ತು. ಎರಡನ್ನೂ ಮನ್ಸೂರಿ ಆಸ್ಪತ್ರೆಗೆ ವಕ್ಫ್ ಮಾಡಿ ಹೋದರು.

ಆಮೇಲೆ ಆದದ್ದು ಬೇಸರದ ಸಂಗತಿ. ಮೂಜಜ್ ಪುಸ್ತಕವನ್ನು ಎಲ್ಲರೂ ಓದಿದರು, ಆದರೆ ಶ್ವಾಸಕೋಶದ ದಾರಿಯ ಆ ಮಾತು ಮೂಲೆ ಸೇರಿತು. ಯುರೋಪಿನಲ್ಲಿ ಸರ್ವೀಟಸ್ 1553ರಲ್ಲಿ, ಕೊಲಂಬೊ 1559ರಲ್ಲಿ ಅದೇ ಮಾತು ಬರೆದರು. ಇಬ್ನ್ ಅಲ್-ನಫೀಸರ ಬರಹ ಅವರಿಗೆ ತಲುಪಿತ್ತೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. 1924ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಓದುತ್ತಿದ್ದ ಈಜಿಪ್ಟಿನ ಯುವ ವೈದ್ಯ ಮುಹಿಯುದ್ದೀನ್ ಅಲ್-ತತಾವಿ ಬರ್ಲಿನ್ ಗ್ರಂಥಾಲಯದ ಹಸ್ತಪ್ರತಿಯಲ್ಲಿ ಆ ವ್ಯಾಖ್ಯಾನ ಓದಿ ಬೆಳಕಿಗೆ ತಂದರು. ಬರೆದು 680 ವರ್ಷ ಕಳೆದಿತ್ತು. ಒಬ್ಬ ವಿದ್ಯಾರ್ಥಿ ಹಳೆಯ ಪುಸ್ತಕವನ್ನು ಪೂರ್ತಿ ಓದಿದ್ದರಿಂದ ಲೋಕಕ್ಕೆ ಅವರು ಮತ್ತೆ ಸಿಕ್ಕರು.

ಭಟ್ಟಿಯನ್ನು ನಾವು ಮಾರಲಿಲ್ಲ. ಔಷಧಿಗಳನ್ನು ಬದಲಾಯಿಸಿದ ಮೇಲೆ ದಾದಾ ಅವರಿಗೆ ರಾತ್ರಿಯ ನೋವು ನಿಂತಿದೆ, ಅಲ್‌ಹಮ್ದುಲಿಲ್ಲಾಹ್. ರೋಗ ಹೋಗಿಲ್ಲ, ಅದು ನಮಗೆಲ್ಲ ಗೊತ್ತು, ಅವರಿಗೂ ಗೊತ್ತು. ಸಂಜೆ ಹೊತ್ತು ಭಟ್ಟಿಯ ಹೊಗೆ ತಾಕದ ಕಡೆ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ಲೆಕ್ಕ ನಾನು ಬರೆಯುತ್ತೇನೆ, ಅವರು ಕೇಳಿಸಿಕೊಳ್ಳುತ್ತಾರೆ.

ಕಳೆದ ಶುಕ್ರವಾರ ಗ್ರಂಥಾಲಯಕ್ಕೆ ಪುಸ್ತಕ ಮರಳಿಸಬೇಕಿತ್ತು. ದಾದಾ ತಮ್ಮ ಟ್ರಂಕಿನಿಂದ ಎರಡು ಹಳೆಯ ಉರ್ದು ಪುಸ್ತಕ ತೆಗೆಸಿ, ಒರೆಸಿ, ಅವುಗಳನ್ನೂ ಜೊತೆಗೆ ಕೊಟ್ಟುಬಿಡು ಎಂದರು. ಮೊದಲ ಪುಟದಲ್ಲಿ ವಕ್ಫ್ ಎಂದು ಬರೆಯಲು ಹೇಳಿದರು. ನಾನು ಬರೆದೆ. ಕೆಳಗೆ ಅವರ ಹೆಸರು ಬರೆಯಲು ಹೋದಾಗ ಬೇಡ ಎಂದರು, ತಾರೀಖು ಮಾತ್ರ ಹಾಕಿಸಿದರು.